ಎದೆಯುರಿಗೆ ಅಂಗಡಿ ಔಷಧಿ

ಅಪರೂಪಕ್ಕೆ ಎದೆಯುರಿ, ಹುಳಿತೇಗು ಬಂದರೆ ಅಂಗಡಿಯ ಆಂಟಾಸಿಡ್ ಸಾಕು. ಬೇಗ ಆರಾಮವೆನಿಸುತ್ತದೆ, ಆದರೆ ಗುಣ ಹೆಚ್ಚು ಹೊತ್ತು ನಿಲ್ಲದು. ಈನೋದಂತಹ ಪುಡಿಗಳಲ್ಲಿ ಸೋಡಿಯಂ ಹೆಚ್ಚು, ಬಿ.ಪಿ., ಹೃದಯ, ಕಿಡ್ನಿ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಕುಡಿಯಬಾರದು.

ನಾವೆಲ್ಲ ‘ಗ್ಯಾಸಿನ ಗುಳಿಗೆ’ ಎನ್ನುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ಗಳ ಕೆಲಸವೇ ಬೇರೆ. ಹೊಟ್ಟೆಯಲ್ಲಿ ಆಮ್ಲ ತಯಾರಾಗುವುದನ್ನೇ ಇವು ತಗ್ಗಿಸುತ್ತವೆ. ಉರಿ ಬಂದಾಗ ನುಂಗಿದರೆ ತಕ್ಷಣ ಶಮನವಾಗದು. ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಬೇಕು. ವೈದ್ಯರ ಚೀಟಿಯಿಲ್ಲದೆ ತಿಂಗಳುಗಟ್ಟಲೆ ನುಂಗುವವರಿದ್ದಾರೆ, ಅದು ಸಲ್ಲದು. ಎರಡು ವಾರದಲ್ಲಿ ಉರಿ ತಗ್ಗದಿದ್ದರೆ, ನುಂಗಲು ಕಷ್ಟವಾದರೆ, ಮಲ ಡಾಂಬರಿನಂತೆ ಕಪ್ಪಾದರೆ ವೈದ್ಯರಿಗೆ ತೋರಿಸಿರಿ. ಮೊಣಕಾಲು ನೋವಿನ ಗುಳಿಗೆ ನುಂಗುತ್ತಿದ್ದರೆ ಅದನ್ನೂ ಹೇಳಿರಿ.

ಎದೆ ಹಿಂಡಿದಂತಾಗಿ, ಬೆವರಿ, ನೋವು ತೋಳಿಗೋ ದವಡೆಗೋ ಹರಿದರೆ ‘ಗ್ಯಾಸ್’ ಎಂದು ಸೋಡಾ ಕುಡಿಸಿ ಮಲಗಿಸಬೇಡಿರಿ. ಕೂಡಲೇ 108ಕ್ಕೆ ಫೋನ್ ಮಾಡಿರಿ.