ಅಜ್ಜಿಯ ತೆಂಗಿನ ಸಾಲು, ನನ್ನ 3 ಮಿಲಿಮೀಟರ್

‘ಇಂಜಿನಿಯರಿಂಗ್ ಓದ್ತಿ ಅಲ್ವಾ ಮಗಾ, ಈ ಕಡಲಿಗೆ ಎಂಥ ಆಗಿದೆ ಹೇಳು ನೋಡುವ.’

ಕಳೆದ ಜುಲೈಯಲ್ಲಿ ಇಂಟರ್ನಲ್ಸ್ ಮುಗಿಸಿ ಹೋದವನಿಗೆ ಅಜ್ಜಿ ಚಹಾ ಕೊಡುವ ಮೊದಲೇ ಕೇಳಿದ ಪ್ರಶ್ನೆ ಇದು. ಅಜ್ಜಿಯ ಮನೆ ಉಳ್ಳಾಲದಿಂದ ದಕ್ಷಿಣಕ್ಕೆ, ಕಡಲ ಬದಿಯಲ್ಲಿ. ಹಿಂದಿನ ರಾತ್ರಿ ಇನ್ನೊಂದು ತೆಂಗಿನ ಮರ ಬುಡಸಮೇತ ನೀರಿಗೆ ಬಿದ್ದಿತ್ತು. ಅಮ್ಮನ ಮದುವೆಯ ಫೋಟೊದಲ್ಲಿ ಅಂಗಳದಿಂದ ಕಡಲಿನವರೆಗೆ ಐದು ಸಾಲು ತೆಂಗು ಕಾಣಿಸುತ್ತದೆ. ಈಗ ಉಳಿದದ್ದು ಎರಡು ಸಾಲು.

ನಾನು ಸಿವಿಲ್ ವಿದ್ಯಾರ್ಥಿ, ಐದನೇ ಸೆಮಿಸ್ಟರ್. ಉತ್ತರ ಬಾಯಿಗೆ ಬಂದೇಬಿಟ್ಟಿತು: ‘ಭೂಮಿ ಬಿಸಿಯಾಗ್ತಾ ಇದೆ ಅಜ್ಜಿ, ಸಮುದ್ರದ ಮಟ್ಟ ಏರ್ತಾ ಇದೆ.’ ಅಜ್ಜಿ ಬಿಡಲಿಲ್ಲ. ‘ಎಷ್ಟು ಏರ್ತದೆ?’ ವರ್ಷಕ್ಕೆ ಸುಮಾರು 3 ಮಿಲಿಮೀಟರ್ ಎಂದೆ. ಬೆರಳ ತುದಿಯಲ್ಲಿ ಅಳತೆ ತೋರಿಸಿದೆ. ಅಜ್ಜಿ ನನ್ನ ಬೆರಳು ನೋಡಿದರು, ಬಿದ್ದ ಮರ ನೋಡಿದರು, ಒಳಗೆ ಹೋದರು.

ಹಾಸ್ಟೆಲ್‌ಗೆ ವಾಪಸ್ ಬಂದ ಮೇಲೂ ಆ ನೋಟ ಕಾಡಿತು. ಲೆಕ್ಕ ಹಾಕೋಣ ಎಂದು ಕುಳಿತೆ.

ಮೊದಲು ಏರಿಕೆಯ ವಿಷಯ. ರಾಯಚೂರಿನ ನನ್ನ ರೂಮ್‌ಮೇಟ್ ‘ಹಿಮ ಕರಗ್ತದ, ನೀರು ಏರ್ತದ, ಅಷ್ಟೇ ಅಲ್ಲೇನ್ರಿ?’ ಎಂದ. ಅಷ್ಟೇ ಅಲ್ಲ. ನೀರಿನ ಮೇಲೆ ತೇಲುತ್ತಿರುವ ಹಿಮ ಕರಗಿದರೆ ಮಟ್ಟ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಶರಬತ್ತಿನ ಲೋಟದ ಐಸ್ ಕರಗಿದರೆ ಲೋಟ ತುಂಬಿ ಚೆಲ್ಲುವುದಿಲ್ಲವಲ್ಲ, ಹಾಗೆ. ನೆಲದ ಮೇಲಿನ ಹಿಮ ಕರಗಿ ಬಂದರೆ ಮಾತ್ರ ಕಡಲಿಗೆ ಹೊಸ ನೀರು ಸೇರುತ್ತದೆ. ಗ್ರೀನ್‌ಲ್ಯಾಂಡ್‌ನ ಹಿಮವೆಲ್ಲ ಕರಗಿದರೆ ಜಗತ್ತಿನ ಸಮುದ್ರ ಸುಮಾರು 7 ಮೀಟರ್ ಏರುತ್ತದೆ. ಇನ್ನೊಂದು ಕಾರಣ ನಮ್ಮ ಹತ್ತನೇ ತರಗತಿಯ ವಿಜ್ಞಾನ: ಬಿಸಿಯಾದ ನೀರು ಹಿಗ್ಗುತ್ತದೆ. 1971ರಿಂದ 2018ರವರೆಗಿನ ಏರಿಕೆಯಲ್ಲಿ ಅರ್ಧದಷ್ಟು ಬರೀ ಈ ಹಿಗ್ಗುವಿಕೆಯದ್ದೇ ಎಂದು ಐಪಿಸಿಸಿ ವರದಿ ಹೇಳುತ್ತದೆ. 1901ರಿಂದ 2018ರವರೆಗೆ ಒಟ್ಟು ಏರಿಕೆ ಸುಮಾರು 20 ಸೆಂಟಿಮೀಟರ್. ನಮ್ಮ ಕಡೆಯ ಉತ್ತರ ಹಿಂದೂ ಮಹಾಸಾಗರದಲ್ಲಿ 1993ರಿಂದ 2017ರವರೆಗೆ ವರ್ಷಕ್ಕೆ 3.3 ಮಿಲಿಮೀಟರ್. ಇದು ಕೇಂದ್ರ ಭೂ ವಿಜ್ಞಾನ ಸಚಿವಾಲಯದ 2020ರ ವರದಿಯ ಅಂಕಿ.

ಅಮ್ಮನ ಮದುವೆಯಾಗಿ 22 ವರ್ಷ. 3.3ರಿಂದ ಗುಣಿಸಿದರೆ ಸುಮಾರು 7 ಸೆಂಟಿಮೀಟರ್. ಒಂದು ಗೇಣೂ ಇಲ್ಲ.

ಆದರೆ ಮರಳಿನ ದಡ ಗೋಡೆಯ ಹಾಗೆ ನೆಟ್ಟಗೆ ನಿಂತಿರುವುದಿಲ್ಲ, ಬಹಳ ಮೆಲ್ಲಗೆ ಇಳಿಜಾರಾಗಿರುತ್ತದೆ. ನೀರು ಸ್ವಲ್ಪ ಏರಿದರೂ ಅಲೆಗಳು ಮೇಲಿನ ಮರಳನ್ನು ಎಳೆದು ನೀರಿನ ತಳದಲ್ಲಿ ಹರಡುತ್ತವೆ, ದಡ ಹಿಂದೆ ಸರಿಯುತ್ತದೆ. ಪರ್ ಬ್ರೂನ್ ಎಂಬ ಎಂಜಿನಿಯರ್ 1962ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಅದರ ಪ್ರಕಾರ ಮಟ್ಟ ಏರಿದ್ದರ 50ರಿಂದ 100 ಪಟ್ಟು ದಡ ಹಿಂದಕ್ಕೆ ಹೋಗಬಹುದು. ಈ ಸೂತ್ರವನ್ನು ಒಪ್ಪದವರೂ ಇದ್ದಾರೆ, ಆದರೆ ಅಂದಾಜಿಗೆ ಸಾಕು. ನಮ್ಮ 7 ಸೆಂಟಿಮೀಟರ್‌ಗೆ ಮೂರೂವರೆಯಿಂದ 7 ಮೀಟರ್ ದಡ ಹೋಗಬೇಕು.

ಅಜ್ಜಿ ಕಳೆದುಕೊಂಡದ್ದು ಮೂರು ಸಾಲು ತೆಂಗು. ಸಾಲಿನಿಂದ ಸಾಲಿಗೆ 25 ಅಡಿ, ಅಂದರೆ ಸುಮಾರು ಏಳೂವರೆ ಮೀಟರ್. ಮೂರು ಸಾಲಿಗೆ 22 ಮೀಟರ್ ಮೇಲಾಯಿತು. ಹಾಗಾದರೆ ಉಳಿದ 15 ಮೀಟರ್ ಎಲ್ಲಿ ಹೋಯಿತು?

ಮೂರು ಸಲ ಲೆಕ್ಕ ಮಾಡಿದೆ. ತಪ್ಪಿರಲಿಲ್ಲ. ನನ್ನ ಉತ್ತರವೇ ಅರ್ಧಂಬರ್ಧವಾಗಿತ್ತು.

ದಡವೆಂದರೆ ಒಂದು ಬ್ಯಾಂಕ್ ಖಾತೆ ಎಂದುಕೊಳ್ಳಿ. ಘಟ್ಟದಿಂದ ನದಿಗಳು ತರುವ ಮರಳು ಅದರ ಜಮೆ. ಓರೆಯಾಗಿ ಬಡಿಯುವ ಅಲೆಗಳು ಆ ಮರಳನ್ನು ದಡದುದ್ದಕ್ಕೂ ಸಾಗಿಸುತ್ತಾ ಊರೂರಿಗೆ ಹಂಚುತ್ತವೆ. ನಾವು ನದಿಗೆ ಅಣೆಕಟ್ಟು ಕಟ್ಟಿ ಮರಳು ತಡೆದೆವು. ಉಳಿದದ್ದನ್ನು ಲಾರಿಗೆ ತುಂಬಿ ಮನೆ ಕಟ್ಟಿದೆವು. ನೇತ್ರಾವತಿ-ಗುರುಪುರ ನದಿಗಳು ಸಮುದ್ರ ಸೇರುವ ಅಳಿವೆ ಬಾಗಿಲಲ್ಲಿ ದೋಣಿಗಳು ಸಲೀಸಾಗಿ ಹೋಗಿಬರಲೆಂದು 1990ರ ದಶಕದಲ್ಲಿ ಎರಡೂ ಕಡೆ ಕಲ್ಲಿನ ಬ್ರೇಕ್‌ವಾಟರ್ ಕಟ್ಟಲಾಯಿತು. ಮೀನುಗಾರಿಕೆಗೆ ಅದು ಬೇಕಿತ್ತು, ಅದನ್ನು ಅಲ್ಲಗಳೆಯಲಾರೆ. ನಮ್ಮ ಮಾವನೂ ಬೋಟಿನಲ್ಲೇ ದುಡಿದವರು. ಆದರೆ ದಡದುದ್ದಕ್ಕೂ ಸಾಗುವ ಮರಳಿನ ದಾರಿಗೂ ಅದು ಅಡ್ಡವಾಯಿತು. ಉತ್ತರದ ಬೆಂಗ್ರೆ ಕಡೆ ಮರಳು ಕೂತಿತು, ದಕ್ಷಿಣದ ಉಳ್ಳಾಲದ ಕಡೆ ಕೊರೆತ ಜೋರಾಯಿತು.

ಆಮೇಲೆ ಕೊರೆತ ತಡೆಯಲು ಕಲ್ಲು ಸುರಿಯುವ ಕೆಲಸ ಬಂತು. ಅಜ್ಜಿಯ ಮನೆಯಿಂದ ಸ್ವಲ್ಪ ದೂರದವರೆಗೆ ತಡೆಗೋಡೆ ಇದೆ. ಗೋಡೆಗೆ ಬಡಿದ ಅಲೆ ಶಕ್ತಿ ಕಳೆದುಕೊಳ್ಳದೆ ಕೆಳಕ್ಕೆ ತಿರುಗಿ ಬುಡದ ಮರಳನ್ನೇ ಕೊರೆಯುತ್ತದೆ. ನಾಲ್ಕು ಮಳೆಗಾಲದಲ್ಲಿ ಕಲ್ಲುಗಳು ಕುಸಿಯುತ್ತವೆ, ಮತ್ತೆ ಲಾರಿಗಳು ಬರುತ್ತವೆ. ಗೋಡೆ ಮುಗಿದಲ್ಲಿಂದ ಕೊರೆತ ಶುರು. ಅಜ್ಜಿಯ ಮನೆ ಇರುವುದು ಗೋಡೆ ಮುಗಿದಲ್ಲಿ. ‘ನಮ್ಮ ಎದುರಿಗೂ ಕಲ್ಲು ಹಾಕಿಸಿ’ ಎಂದು ಅಜ್ಜಿಯೂ ಅರ್ಜಿ ಕೊಟ್ಟಿದ್ದಾರೆ. ಹಾಕಿದರೆ ಮುಂದಿನ ಮನೆಯವರ ಸರದಿ ಎಂದು ನನಗೆ ಗೊತ್ತು. ಅರ್ಜಿ ಬೇಡ ಎನ್ನಲು ಬಾಯಿ ಬರಲಿಲ್ಲ.

ಉಳ್ಳಾಲದಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ಸಮುದ್ರದೊಳಗೇ ರೀಫ್ ಕಟ್ಟಿ, ಅಲೆಯನ್ನು ದಡಕ್ಕೆ ಬರುವ ಮೊದಲೇ ಮುರಿಯುವ ಪ್ರಯತ್ನವೂ ನಡೆದಿದೆ. ದಡಕ್ಕೆ ಕಲ್ಲು ಸುರಿಯುವುದಕ್ಕಿಂತ ಇದು ವಾಸಿ ಎಂದು ನನ್ನ ಅನಿಸಿಕೆ. ನನ್ನ ಮನಸ್ಸಿನಲ್ಲಿರುವುದು ಇನ್ನೂ ಸರಳ: ಅಳಿವೆ ಬಾಗಿಲಲ್ಲಿ ಹೂಳೆತ್ತಿದ ಮರಳನ್ನು ಬೇರೆಲ್ಲಿಗೂ ಸಾಗಿಸದೆ, ಅದು ಸಲ್ಲಬೇಕಾದ ದಡಕ್ಕೇ ಪಂಪ್ ಮಾಡುವುದು. ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ಇದನ್ನು ವರ್ಷಗಳಿಂದ ಮಾಡುತ್ತಿದ್ದಾರೆ.

ಹಾಗಂತ 3 ಮಿಲಿಮೀಟರ್ ಲೆಕ್ಕಕ್ಕಿಲ್ಲ ಎಂದಲ್ಲ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಂಥದ್ದು ಬಂದಾಗ ಅಲೆ ಆ ಏರಿದ ಮಟ್ಟದ ಮೇಲೆ ನಿಂತೇ ಹೊಡೆಯುತ್ತದೆ. ಬಾವಿಯ ಕಥೆ ಇನ್ನೂ ಸೂಕ್ಷ್ಮ. ಕರಾವಳಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರಮಟ್ಟಕ್ಕಿಂತ ಮೇಲೆ 1 ಮೀಟರ್ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಮೀಟರ್ ಇರುತ್ತದೆ. ಪಂಪ್ ಹಾಕಿ ಮೇಲಿನದನ್ನು ಅರ್ಧ ಮೀಟರ್ ಇಳಿಸಿದರೆ ಕೆಳಗಿನ ಉಪ್ಪುನೀರು ಕಾಲಕ್ರಮದಲ್ಲಿ 20 ಮೀಟರ್‌ನಷ್ಟು ಮೇಲೆ ಬರಬಲ್ಲದು. ಕಡಲು ಏರಿದರೂ, ದಡ ಹತ್ತಿರ ಬಂದರೂ ಪೆಟ್ಟು ಅಲ್ಲಿಗೇ. ಅಜ್ಜಿಯ ಬಾವಿಯ ನೀರು ಏಪ್ರಿಲ್‌ನಲ್ಲಿ ಈಗ ಗಂಜಿಗೆ ಆಗುವುದಿಲ್ಲ, ಪಾತ್ರೆ ತೊಳೆಯಲು ಮಾತ್ರ.

ಆಗಸ್ಟ್‌ನಲ್ಲಿ ಹೋದಾಗ ಕಾಗದ ಪೆನ್ನು ಹಿಡಿದು ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಪೂರ್ತಿ ಕೇಳಿ ಅಂದರು, ‘ಹೊಳೆಯ ಹೊಯ್ಗೆ ಬಾರದಿದ್ದರೆ ಕಡಲು ನಮ್ಮದನ್ನೇ ತೆಗೀತದೆ ಅಂತ ನಿನ್ನ ಅಜ್ಜ ಆಗಲೇ ಹೇಳಿದ್ದರು.’ ನನ್ನ ನಾಲ್ಕು ಪುಟದ ಲೆಕ್ಕ ಒಂದು ಸಾಲಿನಲ್ಲಿ ಮುಗಿಯಿತು.

ಅವತ್ತೇ ಮುಂದಿನ ಸಾಲಿನ ಒಂದು ಮರಕ್ಕೆ ಕೆಂಪು ಪೇಂಟ್ ಹಚ್ಚಿ, ಅಲ್ಲಿಂದ ದಡದ ಅಂಚಿಗೆ ಟೇಪ್ ಹಿಡಿದೆ: 4.2 ಮೀಟರ್. ದಸರಾ ರಜೆಯಲ್ಲಿ ಅಳೆದಾಗ 5.6. ‘ಬಂತಲ್ಲ ಹೊಯ್ಗೆ!’ ಎಂದು ನಾನೇ ಕುಣಿದೆ. ಅಜ್ಜಿ ನಕ್ಕರು. ಮಳೆಗಾಲದಲ್ಲಿ ಒಳಗೆ ಹೋದ ಮರಳು ಆಮೇಲೆ ಸ್ವಲ್ಪ ವಾಪಸ್ ಬರುವುದು ಪ್ರತಿವರ್ಷದ ಕಥೆ; ಆಗಸ್ಟ್‌ಗೆ ಆಗಸ್ಟನ್ನೇ ಹೋಲಿಸಬೇಕು. ಟೇಪನ್ನು ಅವರ ಪೆಟ್ಟಿಗೆಯಲ್ಲೇ ಇಟ್ಟು ಬಂದಿದ್ದೇನೆ. ತಿಂಗಳಿಗೊಮ್ಮೆ ಮಾವ ಅಳೆದು ವಾಟ್ಸ್‌ಆ್ಯಪ್ ಮಾಡುತ್ತಾರೆ.