ಡೇರ್‌ಡೆವಿಲ್‌ನ ಕೋರ್ಟ್ ಎಪಿಸೋಡ್: ಇದೇ ಕೇಸು ಕಲ್ಯಾಣದ ಕೋರ್ಟಿಗೆ ಬಂದಿದ್ರೆ?

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನ ಸ್ವಲ್ಪ ಓರಣ ಮಾಡಿ ಇಲ್ಲಿ ಬರೆದಿದ್ದೀನಿ. ಠಾಣೆಯಲ್ಲಿ ಟ್ರೈನ್ ಬದಲಿಸಿ ಐರೋಲಿ, ಘಣಸೋಲಿ ಕಡೆ ಹೋಗೋರು ಹೆಡ್‌ಫೋನ್ ಇಲ್ಲದೇನೂ ಓದ್ಕೋಬಹುದು. ಒಂದು ಎಚ್ಚರಿಕೆ: ಮುಂದೆ ಕಥೆ ಪೂರ್ತಿ ಬಿಟ್ಟುಕೊಡ್ತೀನಿ. ಎಪಿಸೋಡ್ ನೋಡಿಲ್ಲ ಅಂದ್ರೆ ನೋಡಿಕೊಂಡು ಬನ್ನಿ.

ಎಪಿಸೋಡ್ ಯಾವುದು ಅಂದ್ರೆ, 2025ರ ಮಾರ್ಚ್‌ನಲ್ಲಿ ಬಂದ 'ಡೇರ್‌ಡೆವಿಲ್: ಬಾರ್ನ್ ಅಗೇನ್' ಸರಣಿಯ ಮೂರನೇದು. ಸೂಪರ್ ಹೀರೋ ಸರಣಿ ಅಂದ್ರೆ ಹೊಡೆದಾಟ ಅಂದ್ಕೊಂಡು ಕೂತರೆ, ಇಲ್ಲಿ ಹೆಚ್ಚು ಹೊತ್ತು ನಡೆಯೋದು ಕೋರ್ಟಿನ ವಿಚಾರಣೆ. ಹೆಕ್ಟರ್ ಅಯಾಲಾ ಅನ್ನೋ ಸಾಮಾನ್ಯ ಸಂಸಾರಸ್ಥ ರಾತ್ರಿ ಮೆಟ್ರೋ ಪ್ಲಾಟ್‌ಫಾರ್ಮಿನಲ್ಲಿ ನಿಂತಿರ್ತಾನೆ. ಇಬ್ಬರು ಸೇರಿ ಒಬ್ಬನನ್ನ ಹೊಡೀತಿರ್ತಾರೆ. ಇವನು ಬಿಡಿಸೋಕೆ ಹೋಗ್ತಾನೆ. ತಳ್ಳಾಟದಲ್ಲಿ ಆ ಇಬ್ಬರಲ್ಲಿ ಒಬ್ಬ ಹಳಿಗೆ ಬಿದ್ದು ಟ್ರೈನಿಗೆ ಸಿಕ್ಕಿ ಸಾಯ್ತಾನೆ. ಆಮೇಲೆ ಗೊತ್ತಾಗೋದು, ಇಬ್ಬರೂ ಮಫ್ತಿಯಲ್ಲಿದ್ದ ಪೊಲೀಸರು ಅಂತ. ಹೆಕ್ಟರ್ ಮೇಲೆ ಕೊಲೆ ಕೇಸು. ಅವನ ವಕೀಲ ಮ್ಯಾಟ್ ಮರ್ಡಾಕ್, ಅಂದ್ರೆ ನಮ್ಮ ಡೇರ್‌ಡೆವಿಲ್.

ನಡೆದಿದ್ದನ್ನ ಹೇಳಬಲ್ಲ ಸಾಕ್ಷಿ ಒಬ್ಬನೇ: ಅವತ್ತು ಏಟು ತಿಂದ ನಿಕಿ. ಅವನನ್ನ ಹುಡುಕಿ ಕಟಕಟೆಗೆ ತರ್ತಾರೆ. ಕೋರ್ಟ್ ಹಾಲಿನಲ್ಲಿ ಪೊಲೀಸರು ಕೂತು ನೋಡ್ತಿದ್ದಾರೆ. ನಿಕಿ ಹೆದರಿ, 'ನಾನು ಅಲ್ಲಿ ಇರಲೇ ಇಲ್ಲ' ಅಂದುಬಿಡ್ತಾನೆ. ಬೇರೆ ದಾರಿ ಕಾಣದೆ ಮ್ಯಾಟ್, ಹೆಕ್ಟರನೇ 'ವೈಟ್ ಟೈಗರ್' ಅನ್ನೋ ಮುಸುಕಿನ ಹೀರೋ ಅಂತ ತುಂಬಿದ ಕೋರ್ಟಿನಲ್ಲಿ ಬಹಿರಂಗ ಮಾಡ್ತಾನೆ. ಹೆಕ್ಟರ್ ಹಿಂದೆ ಎಷ್ಟು ಜನರನ್ನ ಉಳಿಸಿದ್ದ ಅನ್ನೋದು ಜ್ಯೂರಿಯ ಮುಂದೆ ಬರತ್ತೆ. ಬಿಡುಗಡೆಯೂ ಆಗತ್ತೆ. ಆದ್ರೆ ಹೆಸರು ಊರಿಗೆಲ್ಲ ಗೊತ್ತಾಯ್ತಲ್ಲ, ಬಿಡುಗಡೆಯಾದ ಮೇಲೆ ಯಾರೋ ಅವನನ್ನ ಗುಂಡಿಟ್ಟು ಕೊಲ್ತಾರೆ.

ಡೊಂಬಿವಲಿ, ಕಲ್ಯಾಣದಲ್ಲಿ ಇರೋ ನಮಗೆ ಪ್ಲಾಟ್‌ಫಾರ್ಮ್ ಹೊಸದಲ್ಲ. ದಿನದ ಎರಡು ಹೊತ್ತು ಅಲ್ಲೇ. ರಾತ್ರಿ ಶಿಫ್ಟ್ ಮುಗಿಸಿ ಬರುವಾಗ ಕಣ್ಣೆದುರೇ ಇಂಥದ್ದು ನಡೆದರೆ? ನಾನು ವಕೀಲ ಅಲ್ಲ, ಐಟಿಯವನು. ಆದ್ರೆ ಈ ಪ್ರಶ್ನೆ ತಲೇಲಿ ಕೂತ್ಮೇಲೆ 2024ರ ಜುಲೈ 1ರಿಂದ ಜಾರಿಯಲ್ಲಿರೋ ಹೊಸ ಕಾನೂನುಗಳನ್ನ ತೆಗೆದು ಓದಿದೆ. ಇದೇ ಕೇಸು ನಮ್ಮಲ್ಲಿ ಆಗಿದ್ರೆ ಏನಾಗ್ತಿತ್ತು ಅಂತ ನೋಡೋಣ. ರೈಲ್ವೆ ಪೊಲೀಸರು ಕೇಸು ದಾಖಲಿಸ್ತಾರೆ. ಕೊಲೆ ಆರೋಪ ಆದ್ದರಿಂದ ವಿಚಾರಣೆ ಮ್ಯಾಜಿಸ್ಟ್ರೇಟರ ಹತ್ರ ಅಲ್ಲ, ಸೆಷನ್ಸ್ ಕೋರ್ಟಿನಲ್ಲಿ.

ಮೊದಲ ವ್ಯತ್ಯಾಸ: ಅಲ್ಲಿ ಜ್ಯೂರಿ ಇರೋದಿಲ್ಲ. ನಮ್ಮಲ್ಲೂ ಒಂದು ಕಾಲಕ್ಕೆ ಇತ್ತು. 1959ರ ನಾನಾವತಿ ಕೇಸು ಕೇಳಿರ್ತೀರಿ. ನೌಕಾಪಡೆಯ ಕಮಾಂಡರ್, ಹೆಂಡತಿಯ ಪ್ರಿಯಕರ ಪ್ರೇಮ್ ಆಹುಜಾನ ಮೇಲೆ ಗುಂಡು ಹಾರಿಸಿದ್ದು. ಬೊಂಬಾಯಿಯ ಸೆಷನ್ಸ್ ಕೋರ್ಟಿನಲ್ಲಿ ಜ್ಯೂರಿ 8-1ರಲ್ಲಿ ನಿರಪರಾಧಿ ಅಂದಿತು. ಜಡ್ಜ್ ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಹೈಕೋರ್ಟು ಶಿಕ್ಷೆ ಕೊಟ್ಟಿತು, 1961ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನ ಎತ್ತಿಹಿಡಿಯಿತು. ಆ ಕೇಸೇ ದೇಶದ ಕೊನೆಯ ಜ್ಯೂರಿ ವಿಚಾರಣೆ ಅಂತ ಎಲ್ಲರೂ ಹೇಳ್ತಾರೆ, ಅದು ಸರಿಯಲ್ಲ. ಆಮೇಲೂ ಕೆಲವು ಕಡೆ ಜ್ಯೂರಿ ನಡೀತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಉಳೀಲಿಲ್ಲ.

ಇದರಿಂದ ಏನು ಬದಲಾಗತ್ತೆ? ಮ್ಯಾಟ್ ಮಾಡಿದ್ದು ಹನ್ನೆರಡು ಜನರ ಮನಸ್ಸು ಗೆಲ್ಲೋ ಕೆಲಸ. ಜ್ಯೂರಿ ಕಾರಣ ಕೊಡಬೇಕಿಲ್ಲ. ನಮ್ಮ ಜಡ್ಜ್ ಮಾತ್ರ ತೀರ್ಪಿನಲ್ಲಿ ಪ್ರತಿಯೊಂದಕ್ಕೂ ಕಾರಣ ಬರೀಬೇಕು, ಅದನ್ನ ಮೇಲಿನ ಕೋರ್ಟು ಓದತ್ತೆ. ಆರೋಪಿಯ ಒಳ್ಳೆಯ ನಡತೆಯನ್ನ ಸಾಕ್ಷ್ಯವಾಗಿ ತರೋಕೆ ನಮ್ಮಲ್ಲೂ ಅವಕಾಶ ಇದೆ, ಭಾರತೀಯ ಸಾಕ್ಷ್ಯ ಅಧಿನಿಯಮದ 47ನೇ ಸೆಕ್ಷನ್. ಆದ್ರೆ ಅದೊಂದರಿಂದಲೇ ಕೇಸು ಗೆಲ್ಲೋದು ಕಷ್ಟ. ಒಳ್ಳೆಯವನು ಅಂದ್ರೆ ಸಾಕಾಗಲ್ಲ, ಆ ರಾತ್ರಿ ಏನಾಯ್ತು ಹೇಳಿ ಅಂತಾರೆ.

ಎರಡನೇದು, ಬಿಡಿಸೋಕೆ ಹೋದವನ ಹಕ್ಕು. ಇದು ನನಗೇ ಆಶ್ಚರ್ಯ ತಂದ ವಿಷಯ. ಆತ್ಮರಕ್ಷಣೆ ಅಂದ್ರೆ ನಮ್ಮ ಮೈ ಕಾಯೋದು ಮಾತ್ರ ಅಂದ್ಕೊಂಡಿರ್ತೀವಿ. ಭಾರತೀಯ ನ್ಯಾಯ ಸಂಹಿತೆಯ 35ನೇ ಸೆಕ್ಷನ್ ಪ್ರಕಾರ ಬೇರೆ ಯಾರದೇ ಮೈ ಕಾಯೋದಕ್ಕೂ ಆ ಹಕ್ಕು ಇದೆ. ಅವನು ನೆಂಟನೇ ಆಗಬೇಕಂತಿಲ್ಲ. ಹಾಗಾದ್ರೆ ಹೊಡೀತಿರೋರು ಪೊಲೀಸರಾದ್ರೆ? 37ನೇ ಸೆಕ್ಷನ್ ಇಲ್ಲಿ ಮಿತಿ ಹಾಕತ್ತೆ. ಸರ್ಕಾರಿ ನೌಕರ ಪ್ರಾಮಾಣಿಕವಾಗಿ ತನ್ನ ಕೆಲಸ ಮಾಡ್ತಿದ್ರೆ ಅವನ ವಿರುದ್ಧ ಈ ಹಕ್ಕು ಇಲ್ಲ. ಆದ್ರೆ ಎರಡು ಬಾಗಿಲು ತೆರೆದಿವೆ. ಸಾವು ಅಥವಾ ಗಂಭೀರ ಗಾಯದ ಭಯ ನಿಜವಾಗಿ ಹುಟ್ಟೋ ಹಾಗಿದ್ರೆ ಹಕ್ಕು ಉಳಿಯತ್ತೆ. ಇನ್ನೊಂದು, ಎದುರಿನವನು ಸರ್ಕಾರಿ ನೌಕರ ಅಂತ ಗೊತ್ತಿಲ್ಲದೆ, ಗೊತ್ತಾಗೋಕೆ ಕಾರಣವೂ ಇಲ್ಲದೆ ಇದ್ರೂ ಉಳಿಯತ್ತೆ. ಮಫ್ತಿ ಅನ್ನೋ ಒಂದೇ ಮಾತು ಹೆಕ್ಟರನ ಕೇಸಿನಲ್ಲಿ ಎಷ್ಟು ತೂಕದ್ದು ನೋಡಿ.

ಹಾಗಂತ ಕೈಗೆ ಸಿಕ್ಕಿದ್ದರಲ್ಲಿ ಬಾರಿಸಬಹುದು ಅಂತಲ್ಲ. ಅಪಾಯ ತಪ್ಪಿಸೋಕೆ ಬೇಕಾದಷ್ಟೇ ಬಲ ಬಳಸಬೇಕು. ಪೊಲೀಸರ ಸಹಾಯ ಪಡೆಯೋಕೆ ಸಮಯ ಇದ್ರೆ ಈ ಹಕ್ಕು ಇಲ್ಲ. ಆತ್ಮರಕ್ಷಣೆ ಅಂತ ತೋರಿಸೋ ಹೊಣೆ ಆರೋಪಿಯದೇ, ಆದ್ರೆ ಹೆಚ್ಚು ಸಂಭವನೀಯ ಅಂತ ತೋರಿಸಿದರೆ ಸಾಕು, ಸಂಶಯಾತೀತವಾಗಿ ಸಾಬೀತು ಮಾಡಬೇಕಿಲ್ಲ. ಗಾಬರಿಯ ಗಳಿಗೆಯಲ್ಲಿ ಕೊಟ್ಟ ಏಟನ್ನ ಚಿನ್ನದ ತಕ್ಕಡಿಯಲ್ಲಿ ತೂಗಬಾರದು ಅನ್ನೋ ಅರ್ಥದ ಮಾತನ್ನ ನಮ್ಮ ಕೋರ್ಟುಗಳು ಹಲವು ಸಲ ಹೇಳಿವೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಇಷ್ಟೆಲ್ಲ ಸೆಕ್ಷನ್ ಇದ್ರೂ, ನಿಕಿ ಬಾಯಿ ಬಿಡದಿದ್ರೆ ಹೆಕ್ಟರನಿಗೆ ಏನೂ ಸಿಗಲ್ಲ. ಇಡೀ ಕೇಸು ನಿಂತಿರೋದು ಹೆದರಿದ ಒಬ್ಬ ಸಾಕ್ಷಿಯ ಮೇಲೆ. ಇದು ಸಿನಿಮಾ ಕಥೆ ಮಾತ್ರ ಅಲ್ಲ. ಬೆಸ್ಟ್ ಬೇಕರಿ ಪ್ರಕರಣದಲ್ಲಿ ಸಾಕ್ಷಿಗಳು ತಿರುಗಿ ಬಿದ್ದು 2003ರಲ್ಲಿ 21 ಆರೋಪಿಗಳೂ ಬಿಡುಗಡೆಯಾಗಿದ್ದರು. 2004ರಲ್ಲಿ ಸುಪ್ರೀಂ ಕೋರ್ಟು ಮರುವಿಚಾರಣೆಯನ್ನ ಗುಜರಾತಿನಿಂದ ಹೊರಗೆ, ಮಹಾರಾಷ್ಟ್ರದಲ್ಲಿ ನಡೆಸಿ ಅಂದಿತು. 2006ರಲ್ಲಿ ಮುಂಬೈಯಲ್ಲಿ 9 ಮಂದಿಗೆ ಶಿಕ್ಷೆ ಆಯ್ತು. 2012ರಲ್ಲಿ ಬಾಂಬೆ ಹೈಕೋರ್ಟು ಅದರಲ್ಲಿ 4 ಮಂದಿಯ ಶಿಕ್ಷೆ ಉಳಿಸಿ 5 ಮಂದಿಯನ್ನ ಬಿಟ್ಟಿತು. ಸಾಕ್ಷಿಗೆ ಭದ್ರತೆ ಬೇಕು ಅನ್ನೋ ಚರ್ಚೆ ದೇಶದಲ್ಲಿ ಜೋರಾಗಿದ್ದು ಇಂಥ ಕೇಸುಗಳಿಂದಲೇ.

ನಿಕಿ ನಮ್ಮ ಕೋರ್ಟಿನಲ್ಲಿ ಮಾತು ತಿರುಗಿಸಿದ್ರೆ, ಅವನನ್ನ ಕರೆಸಿದ ವಕೀಲರೇ ಕೋರ್ಟಿನ ಅನುಮತಿ ಪಡೆದು ಅವನಿಗೆ ಪಾಟೀಸವಾಲು ಹಾಕಬಹುದು. ಅವನ ಸಾಕ್ಷ್ಯವನ್ನ ಪೂರ್ತಿ ಕಸದ ಬುಟ್ಟಿಗೆ ಹಾಕೋದೂ ಇಲ್ಲ, ನಂಬಬಹುದಾದ ಭಾಗವನ್ನ ಜಡ್ಜ್ ತೆಗೆದುಕೊಳ್ಳಬಹುದು.

ಅದಕ್ಕಿಂತ ಮೊದಲೇ ಹೆದರಿಕೆಗೆ ಮದ್ದಿದೆ. 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟು, ಅದನ್ನ ಎಲ್ಲ ರಾಜ್ಯಗಳೂ ಪಾಲಿಸಬೇಕು ಅಂತ ಆದೇಶಿಸಿತು. ಅದರ ಪ್ರಕಾರ ಸಾಕ್ಷಿ ಅರ್ಜಿ ಹಾಕಬೇಕಾದ್ದು ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ. ಬೆದರಿಕೆ ಎಷ್ಟು ನಿಜ ಅಂತ ಪೊಲೀಸ್ ಅಧಿಕಾರಿಯಿಂದ ವರದಿ ತರಿಸ್ತಾರೆ. ಕೋರ್ಟಿಗೆ ಹೋಗಿ ಬರೋಕೆ ಬೆಂಗಾವಲು, ಆರೋಪಿಗೆ ಮುಖಾಮುಖಿ ಆಗದ ಹಾಗೆ ಏರ್ಪಾಡು, ಅಗತ್ಯ ಬಿದ್ದರೆ ಮನೆಯನ್ನೇ ಬೇರೆ ಕಡೆ ಮಾಡಿಕೊಡೋದೂ ಇದೆ. ಸಾಕ್ಷಿಯನ್ನ ಬೆದರಿಸೋದೇ ಒಂದು ಅಪರಾಧ, 7 ವರ್ಷದ ತನಕ ಜೈಲು.

ಕೊನೇದು, ನಮಗೇ ಹತ್ತಿರದ್ದು: ಭಾಷೆ. ಇಲ್ಲಿಯ ಕೆಳ ಕೋರ್ಟುಗಳ ಭಾಷೆ ಮರಾಠಿ. ಮರಾಠಿ ಸರಿಯಾಗಿ ಬಾರದೆ, ಗೊತ್ತಿಲ್ಲದ ಕಾಗದಕ್ಕೆ ಸಹಿ ಯಾಕೆ ಹಾಕ್ಲಿ ಅಂತ ನಮ್ಮ ಎಷ್ಟೋ ಜನ ಹಿಂದೆ ಸರೀತಾರೆ. ಮೂರು ಮಾತು ನೆನಪಿಟ್ಕೊಳ್ಳಿ. ನೀವೇ ದೂರು ಕೊಟ್ರೆ, ಬರೆದಿದ್ದನ್ನ ನಿಮಗೆ ಓದಿ ಹೇಳಬೇಕು, ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು. ತನಿಖೆಯ ವೇಳೆ ಪೊಲೀಸರು ಬರ್ಕೊಳ್ಳೋ ಸಾಕ್ಷಿ ಹೇಳಿಕೆಗೆ ಸಹಿ ಹಾಕಬೇಕಿಲ್ಲ, ಸಹಿ ಹಾಕಿಸೋ ಹಾಗೂ ಇಲ್ಲ. ಕೋರ್ಟಿನಲ್ಲಿ ನೀವು ಕನ್ನಡದಲ್ಲೇ ಸಾಕ್ಷಿ ಹೇಳಬಹುದು, ಕನ್ನಡದಲ್ಲಿ ಬರ್ಕೊಳ್ಳೋಕೆ ಆಗದಿದ್ರೆ ಭಾಷಾಂತರ ಮಾಡಿ ದಾಖಲಿಸೋದು ಕೋರ್ಟಿನ ಕೆಲಸ. ಆರೋಪಿಗೆ ಭಾಷೆ ಬಾರದಿದ್ರೆ, ಅವನಿಗೆ ಅರ್ಥ ಆಗೋ ಭಾಷೇಲಿ ತುಂಬಿದ ಕೋರ್ಟಿನಲ್ಲೇ ತಿಳಿಸಿ ಹೇಳಬೇಕು.

ಎಪಿಸೋಡಿನಲ್ಲಿ ಹೆಕ್ಟರನ ಮುಸುಕು ತೆಗೆಯೋ ಪರಿಸ್ಥಿತಿ ಬಂದಿದ್ದು ನಿಕಿ ಸುಳ್ಳು ಹೇಳಿದ್ದರಿಂದ. ನಿಕಿಗೆ ಹೆದರದೆ ಮಾತಾಡೋ ಜಾಗ ಸಿಕ್ಕಿದ್ರೆ ಹೆಕ್ಟರ್ ಮನೆಗೆ ಹೋಗಿ ಹೆಂಡತಿ ಜೊತೆ ಊಟ ಮಾಡ್ತಿದ್ದ. ಎಲ್ಲರೂ ಹೆಕ್ಟರ್ ಆಗೋಕೆ ಆಗಲ್ಲ, ಹೊಡೆದಾಟದ ನಡುವೆ ನುಗ್ಗಿ ಅಂತ ನಾನು ಯಾರಿಗೂ ಹೇಳಲ್ಲ. ಆದ್ರೆ ಪ್ಲಾಟ್‌ಫಾರ್ಮಿನಲ್ಲಿ ಕಂಡಿದ್ದನ್ನ ಕಂಡ ಹಾಗೆ ಹೇಳೋದು ನಮ್ಮ ಕೈಲಾಗೋ ಕೆಲಸ. ರೈಲ್ವೆ ಸಹಾಯವಾಣಿ 139, ತುರ್ತಿಗೆ 112, ಇವೆರಡನ್ನ ಫೋನಿನಲ್ಲಿ ಸೇವ್ ಮಾಡಿಟ್ಕೊಳ್ಳಿ. ನಿಮ್ಮದೇ ಕೇಸು ಅಂತ ಬಂದ್ರೆ ಮಾತ್ರ ನನ್ನ ವಿಡಿಯೋ ನಂಬ್ಕೊಂಡು ಕೂರಬೇಡಿ, ವಕೀಲರ ಹತ್ರ ಹೋಗಿ. ಮುಂದಿನ ವಾರ ಸಿಗೋಣ, ನಮಸ್ಕಾರ.