ಕಚ್ಚುವ ಮರಿ, ಗುರುಗುಟ್ಟುವ ಮರಿ



ಈ ಸಂಚಿಕೆಗೆ ಬೋರ್ಡೋ ದ್ರಾವಣದ ಬಗ್ಗೆ ಬರೆಯಬೇಕೆಂದು ಕುಳಿತವರು ನಾವು. ಹೋದ ವಾರ ಗೊಬ್ಬರ ಒಯ್ಯಲು ಬಂದ ಸದಸ್ಯರೊಬ್ಬರ ಮುಂಗೈ ನೋಡಿ ವಿಷಯ ಬದಲಾಯಿಸಿದ್ದೇವೆ. ಮುಳ್ಳು ತರಚಿತೇ ಎಂದು ಕೇಳಿದರೆ, ಮನೆಯ ಮೂರು ತಿಂಗಳ ನಾಯಿಮರಿಯ ಕೆಲಸವಂತೆ. "ಮಕ್ಕಳ ಕಾಲು ಬಿಡೋದಿಲ್ಲ. ಅನ್ನದ ತಟ್ಟೆ ಹತ್ರ ಹೋದ್ರೆ ನಮ್ಮ ಮೇಲೇ ಗುರ್ ಅನ್ನುತ್ತೆ. ನಾಲ್ಕು ಬಿಗಿದೂ ನೋಡಾಯ್ತು ಮಾರಾಯ್ರೇ. ಘಾಟಿ ಕಡೆ ಎಲ್ಲಾದ್ರೂ ಬಿಟ್ಟು ಬರೋಣ ಅಂತಿದೀನಿ" ಎಂದರು. ಹಾಗೆ ಬಿಟ್ಟ ಮರಿ ಒಂದೋ ಚಿರತೆಯ ಪಾಲು, ಇಲ್ಲವೇ ಬೇರೆಯವರ ಲೈನ್ ಮನೆಗಳ ಸುತ್ತ ತಿರುಗುವ ಬೀದಿನಾಯಿ. ಆ ಗಾಯವನ್ನು ಸಾಬೂನಿನಲ್ಲಿ ತೊಳೆಸಿ, ಅವರನ್ನು ಅಲ್ಲಿಂದಲೇ ಆಸ್ಪತ್ರೆಗೆ ಕಳಿಸಿದೆವು. ಏಕೆಂಬುದನ್ನು ಮುಂದೆ ಹೇಳುತ್ತೇವೆ.

ಮರಿ ಬಾಯಿ ಹಾಕುವುದು ಬೇರೆ, ಗುರುಗುಟ್ಟುವುದು ಬೇರೆ. ಎರಡಕ್ಕೂ ಒಂದೇ ದಬ್ಬೆ ಏಟಿನ ಮದ್ದು ಮಾಡುವುದರಲ್ಲೇ ನಾವು ತಪ್ಪುತ್ತೇವೆ.

ಹುಟ್ಟಿದ ಸುಮಾರು ಮೂರು ವಾರಕ್ಕೆ ಮರಿಗೆ ಹಾಲುಹಲ್ಲು ಮೂಡತೊಡಗುತ್ತವೆ. ಒಟ್ಟು 28, ಒಂದೊಂದೂ ಸೂಜಿಮೊನೆ. ನಾಲ್ಕನೆಯ ತಿಂಗಳಿನ ಸುಮಾರಿಗೆ ಅವು ಬೀಳಲಾರಂಭಿಸಿ, ಆರೇಳು ತಿಂಗಳಿಗೆ 42 ಗಟ್ಟಿ ಹಲ್ಲು ಬರುತ್ತವೆ. ಈ ಅವಧಿಯಲ್ಲಿ ವಸಡು ಕಡಿಯುವುದರಿಂದ ಸಿಕ್ಕಿದ್ದನ್ನೆಲ್ಲ ಅಗಿಯುವುದು ಸಹಜ. ಜೊತೆಗೆ, ಮರಿಗೆ ಆಟವೆಂದರೆ ಬಾಯಿಯೇ. ಒಡಹುಟ್ಟಿದ ಮರಿಯನ್ನು ಜೋರಾಗಿ ಕಚ್ಚಿದರೆ ಅದು ಕುಂಯ್ ಎಂದು ಆಟ ಬಿಟ್ಟು ಹೋಗುತ್ತದೆ. ಎಷ್ಟು ಕಚ್ಚಿದರೆ ನೋವೆಂಬ ಪಾಠ ಅಲ್ಲಿಯೇ ಆಗುತ್ತದೆ. ನಾವೋ, ಕಣ್ಣು ಬಿಟ್ಟು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಗೋಣಿಚೀಲದಲ್ಲಿ ಹಾಕಿಕೊಂಡು ತಂದುಬಿಡುತ್ತೇವೆ. ಎಂಟು ವಾರ ತಾಯಿಯ ಹತ್ತಿರ ಬಿಟ್ಟರೆ ಅರ್ಧ ಕೆಲಸ ತಾಯಿಯೇ ಮುಗಿಸಿರುತ್ತದೆ.

ಉಳಿದ ಅರ್ಧ ನಮ್ಮದು. ಹಲ್ಲು ತಾಗಿದೊಡನೆ ಕೈಯನ್ನು ಎಳೆಯಬೇಡಿ, ಎಳೆದರೆ ಅದಕ್ಕೆ ಮತ್ತೂ ಆಟ. ಸುಮ್ಮನೆ ನಿಂತು, ಎದ್ದು ಹೋಗಿಬಿಡಿ. ಅರ್ಧ ನಿಮಿಷ ಮುಖ ಕೊಡಬೇಡಿ. ಮರಳಿ ಬಂದಾಗ ಅಗಿಯಲು ಹಳೆಯ ಪಂಚೆಯ ತುಂಡನ್ನು ಗಂಟು ಹಾಕಿ, ಒದ್ದೆ ಮಾಡಿ ಕೊಡಿ. ಮನೆಮಂದಿಯೆಲ್ಲ ಹೀಗೆಯೇ ನಡೆದುಕೊಳ್ಳಬೇಕು. ಅಜ್ಜಿ ಗದರಿಸುವುದು, ಮೊಮ್ಮಗ ಲಂಗೋಟಿ ಎಳೆದಾಡಿಸಿ ನಗುವುದು ಆದರೆ ಮರಿ ಯಾರ ಮಾತು ಕೇಳಬೇಕು? ಸಂಜೆ ದೀಪ ಹಚ್ಚುವ ಹೊತ್ತಿಗೆ ಹುಚ್ಚೆದ್ದಂತೆ ಓಡಿ ಕಚ್ಚುವ ಮರಿಗೆ ಬೇಕಾದದ್ದು ಹೆಚ್ಚಾಗಿ ನಿದ್ದೆ.

ಅಗಿಯುವ ಮರಿಯನ್ನು ಕಣಕ್ಕೆ ಬಿಡದಿರುವುದು ಒಳ್ಳೆಯದು. ಕಾಫಿಯ ಕೆಫೀನ್ ನಾಯಿಗೆ ವಿಷ. ಅಡಿಕೆಯ ಅರೆಕೋಲಿನ್ ಹಿಂದೆ ನಾಯಿಯ ಲಾಡಿಹುಳು ಹೊರಡಿಸಲು ಬಳಕೆಯಲ್ಲಿದ್ದ ಮದ್ದು; ಚಿಕ್ಕ ಮರಿಯ ಹೊಟ್ಟೆಗೆ ಅದರ ಹೊಡೆತ ತಡೆಯದು.

ಇನ್ನು ಗುರುಗುಟ್ಟುವ ಮಾತು. ಇದನ್ನು ಬರೆಯಲು ನಮಗೆ ಸ್ವಲ್ಪ ಸಂಕೋಚವೇ. ಇಪ್ಪತ್ತು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಕರಿಯ ಎಂಬ ನಾಯಿ ಇತ್ತು. ಮರಿಯಾಗಿದ್ದಾಗ ತಟ್ಟೆಯ ಬಳಿ ಯಾರು ಸುಳಿದರೂ ಗುರ್ರೆನ್ನುತ್ತಿತ್ತು. ಅಂದಂದೇ ಅಡಿಕೆ ದಬ್ಬೆಯಲ್ಲಿ ಬಿಗಿದೆವು. ತಿಂಗಳೊಳಗೆ ಗುರುಗುಟ್ಟುವುದು ನಿಂತಿತು. ಬುದ್ಧಿ ಕಲಿಸಿದೆವೆಂದು ಹೇಳಿಕೊಂಡೂ ತಿರುಗಿದೆವು. ಮರುವರ್ಷ ಹಣ್ಣು ಕುಯ್ಲಿನಲ್ಲಿ ಕೆಲಸದವರ ಪುಟ್ಟ ಹುಡುಗಿ ಬುತ್ತಿ ಹಿಡಿದು ಅದರ ತಟ್ಟೆಯ ಪಕ್ಕದಿಂದ ಹಾದು ಹೋಯಿತು. ಕರಿಯ ಸದ್ದಿಲ್ಲದೆ ಎದ್ದು ಮುಂಗೈಗೆ ಬಾಯಿ ಹಾಕಿತು. ಆ ಹುಡುಗಿಗೆ ಈಗ ಮದುವೆಯಾಗಿದೆ. ಕೈಯ ಗುರುತು ಹಾಗೆಯೇ ಇದೆ.

ಗುರುಗುಟ್ಟುವುದೆಂದರೆ "ಹತ್ತಿರ ಬರಬೇಡ, ನನಗೆ ಹೆದರಿಕೆ" ಎಂದು ನಾಯಿ ಹೇಳುವ ಮಾತು. ಹೊಡೆದು ನಾವು ಮಾತನ್ನು ನಿಲ್ಲಿಸಿದ್ದೆವು, ಹೆದರಿಕೆಯನ್ನಲ್ಲ. ಆದ್ದರಿಂದ ಮರಿ ಗುರ್ರೆಂದರೆ ಅಲ್ಲಿಯೇ ನಿಲ್ಲಿ, ಕಾರಣ ಹುಡುಕಿ. ತಟ್ಟೆಯ ಜಗಳವಾದರೆ ತಟ್ಟೆ ಕಿತ್ತುಕೊಳ್ಳಬೇಡಿ. ಅದು ಸುಮ್ಮನಿರುವಷ್ಟು ದೂರದಿಂದ ಹಾದು ಹೋಗುವಾಗ ಒಂದು ಚೂರು ಮೊಟ್ಟೆಯನ್ನೋ ದೋಸೆಯನ್ನೋ ಎಸೆದು ಮುಂದೆ ಹೋಗಿ. ದಿನ ಕಳೆದಂತೆ ದೂರ ಕಡಿಮೆ ಮಾಡಿ. ಮನುಷ್ಯ ಬಂದರೆ ಅನ್ನ ಹೋಗುವುದಿಲ್ಲ, ಇನ್ನಷ್ಟು ಬರುತ್ತದೆ ಎಂದು ಅದಕ್ಕೆ ಗೊತ್ತಾಗುವವರೆಗೆ ಈ ಕೆಲಸ ದೊಡ್ಡವರದು, ಮಕ್ಕಳದಲ್ಲ. ಮುಟ್ಟಿದಾಗ ಮಾತ್ರ ಗುರ್ರೆಂದರೆ ಕಿವಿಯೊಳಗೆ ಉಣುಗು, ಪಾದದಲ್ಲಿ ಮುಳ್ಳು ಇದೆಯೇ ಎಂದು ನೋಡಿ, ಪಶುವೈದ್ಯರಿಗೂ ತೋರಿಸಿ.

ಕಾವಲಿಗೆ ಜೋರಾಗಲೆಂದು ಹಗಲೆಲ್ಲ ಕತ್ತಲೆಯಲ್ಲಿ ಕಟ್ಟಿಹಾಕುವುದು, ಅನ್ನಕ್ಕೆ ಮೆಣಸಿನಪುಡಿ ಕಲಸುವುದು ಶುದ್ಧ ದಡ್ಡತನ. ಮೂರನೆಯ ವಾರದಿಂದ ಹದಿನಾಲ್ಕನೆಯ ವಾರದವರೆಗೆ ಮರಿ ಲೋಕವನ್ನು ಅಂಜದೆ ನೋಡುವ ಕಾಲ. ಕಂಬಳಿ ಕೊಪ್ಪೆಯವರು, ಕೊಡೆ, ಜೀಪು, ಹಣ್ಣು ಕೊಯ್ಯುವವರ ಗದ್ದಲ, ಎಲ್ಲವನ್ನೂ ಆಗಲೇ ತೋರಿಸಿದರೆ ಮುಂದೆ ಕಂಡಕಂಡವರಿಗೆ ಹೆದರಿ ಕಚ್ಚುವುದು ಕಡಿಮೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ವಿಷಯದಲ್ಲಿ ಸಡಿಲ ಬೇಡ. ಹುಚ್ಚುನಾಯಿ ರೋಗ ಮರಿಗೂ ಬರುತ್ತದೆ. ಮನೆಯ ಮರಿಯೇ ಆದರೂ ಹಲ್ಲು ಚರ್ಮ ತರಚಿದರೆ ಸಾಬೂನು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ಸುಣ್ಣ, ಅರಿಶಿನ, ಕಾಫಿಪುಡಿ ಮೆತ್ತಬೇಡಿ. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುತ್ತಾರೆಂಬ ಹೆದರಿಕೆ ಇನ್ನೂ ಕೆಲವರಲ್ಲಿದೆ. ಆ ಹಳೆಯ ಲಸಿಕೆಯನ್ನು ನಮ್ಮ ದೇಶದಲ್ಲಿ 2004ರಲ್ಲಿಯೇ ನಿಲ್ಲಿಸಿದ್ದಾರೆ. ಈಗ ತೋಳಿಗೆ ಕೊಡುತ್ತಾರೆ, ಸಂಖ್ಯೆಯೂ ಕಡಿಮೆ. ರಕ್ತ ಬಂದಿದ್ದರೆ ಗಾಯದ ಸುತ್ತ ಇನ್ನೊಂದು ಮದ್ದೂ ಬೇಕಾಗುತ್ತದೆ. ವೈದ್ಯರು ಬರೆದುಕೊಟ್ಟ ಒಂದು ತಾರೀಖನ್ನೂ ತಪ್ಪಿಸಬೇಡಿ. ಮರಿಯ ನಡತೆ ಒಮ್ಮೆಲೇ ಬದಲಾಗಿ, ಜೊಲ್ಲು ಸುರಿಸಿ, ನುಂಗಲಾರದೆ ಒದ್ದಾಡಿದರೆ ಮೂಳೆ ಸಿಕ್ಕಿರಬೇಕೆಂದು ಬಾಯಿಗೆ ಕೈ ಹಾಕಲೇಬೇಡಿ. ದೂರವಿದ್ದು ಪಶುವೈದ್ಯರಿಗೆ ತಿಳಿಸಿ.

ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ನಂತರ ವೈದ್ಯರು ಹೇಳಿದಂತೆ. ಲಸಿಕೆ ಹಾಕಿಸಬೇಕಾದ ಮರಿ, ನಾಯಿಗಳಿರುವ ಸದಸ್ಯರು ಕಚೇರಿಯಲ್ಲಿ ಹೆಸರು ಬರೆಸಿದರೆ, ಪಶುವೈದ್ಯರನ್ನು ಒಂದು ದಿನ ಗೋದಾಮಿಗೆ ಕರೆಸುವ ಪ್ರಯತ್ನ ಮಾಡುತ್ತೇವೆ. ಮುಂಗೈ ತೋರಿಸಿದ ಸದಸ್ಯರ ಹೆಸರು ಪಟ್ಟಿಯಲ್ಲಿ ಮೊದಲನೆಯದು. ಮರಿ ಇನ್ನೂ ಮನೆಯಲ್ಲಿಯೇ ಇದೆ. ಬರುವವರು ಹಗ್ಗ ಕಟ್ಟಿಯೇ ಕರೆತನ್ನಿ, ಗೋದಾಮಿನ ಬೆಕ್ಕು ಯಾರಿಗೂ ದಾರಿ ಬಿಡುವ ಪೈಕಿ ಅಲ್ಲ.